ಗಾಳಿಕಲ್ಲಿನ ಕೊಕ್ಕೆಸುಂಡೆ

ನಾನು ಒಂದು ಮುಳ್ಳುಗಿಡ. ಸರಿಯಾಗಿ ಹೇಳಬೇಕೆಂದರೆ ಮುಳ್ಳುಗಿಡದ ಒಂದು ಕೊಂಬೆ, ಉದ್ದದಲ್ಲಿ ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ನನ್ನನ್ನು ದಪ್ಪ ಬಿಳಿ ಕಾಗದಕ್ಕೆ ದಾರದಿಂದ ಹೊಲಿದು ಕಾಲೇಜೊಂದರ ಕಬ್ಬಿಣದ ಬೀರುವಿನಲ್ಲಿ ಮಲಗಿಸಿ ಮೂವತ್ತೊಂದು ವರ್ಷವಾಯಿತು. ಒಣಗಿ ಸತ್ತದ್ದು ಮಾತಾಡುವುದೇ ಎಂದು ಕೇಳಬೇಡಿ. ಬದುಕಿದ್ದವರು ನನ್ನ ವಿಷಯದಲ್ಲಿ ಮಾತಾಡಬೇಕಾದಾಗ ಮಾತಾಡಲಿಲ್ಲ, ಅದಕ್ಕೇ ನಾನು ಹೇಳಬೇಕಾಗಿ ಬಂತು.

ನನ್ನ ಹುಟ್ಟು ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ. ಪಿಕಳಾರ ಹಕ್ಕಿಯೊಂದು ನನ್ನ ತಾಯಿಯ ಹಣ್ಣು ತಿಂದು, ಗಾಳಿಕಲ್ಲು ಬೆಟ್ಟದ ನೆತ್ತಿಯಲ್ಲಿ, ಹುಲ್ಲು ಮುಗಿದು ಕಾನು ಶುರುವಾಗುವ ಅಂಚಿನ ಬಂಡೆಯ ಮೇಲೆ ಕೂತು ಬಾಲ ಎತ್ತಿತು. ಅಲ್ಲಿಂದ ಜಾರಿ ಬಂಡೆಯ ಬುಡದ ಮಣ್ಣು ಸೇರಿದೆ. ಮೊದಲ ಮಳೆಗೆ ಮೊಳೆತೆ. ನಾಲ್ಕು ವರ್ಷಕ್ಕೆ ಆಳೆತ್ತರವಾದೆ.

ನಮ್ಮದು ಬದನೆಯ ವಂಶ. ಬದನೆ, ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲ ನಮ್ಮ ನೆಂಟರೇ. ಅವರೆಲ್ಲ ಊರು ಸೇರಿ ಹೆಸರು ಮಾಡಿದರು. ಅವರಿಲ್ಲದೆ ನಿಮ್ಮ ಒಲೆ ಹತ್ತುವುದಿಲ್ಲ. ನಾವು ಬೆಟ್ಟದಲ್ಲೇ ಉಳಿದವರು. ಚಳಿ, ಮಂಜು, ಬಿಡದೆ ಬೀಸುವ ಗಾಳಿ ಇವುಗಳ ನಡುವೆ ಬೆಳೆದವರ ಮೈ ಹೇಗಿರುತ್ತದೋ ನಮ್ಮದೂ ಹಾಗೆಯೇ. ಕಾಂಡದ ತುಂಬ ಹಿಂದಕ್ಕೆ ಬಾಗಿದ ಮುಳ್ಳು. ಎಲೆಯ ಎರಡೂ ಬದಿಗೆ ಬೂದುಬಣ್ಣದ ರೋಮ, ಭೂತಗನ್ನಡಿ ಹಿಡಿದು ನೋಡಿದರೆ ಒಂದೊಂದು ರೋಮವೂ ಪುಟ್ಟ ನಕ್ಷತ್ರ. ಹೂವು ಐದು ಎಸಳಿನದು, ನೇರಳೆ ಬಣ್ಣ. ನಡುವೆ ಐದು ಹಳದಿ ಕೊಳವೆಗಳು, ಅವುಗಳ ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಸುಮ್ಮನೆ ಬಂದು ಮೂಸಿದವರಿಗೆ ನಾವು ಪರಾಗ ಕೊಡುವುದಿಲ್ಲ. ದುಂಬಿ ಬಂದು ಕೊಳವೆಗಳನ್ನು ತಬ್ಬಿ ಹಿಡಿದು, ಮೈಯೆಲ್ಲ ನಡುಗುವ ಹಾಗೆ ಝೇಂಕರಿಸಬೇಕು. ಆಗ ಪುಡಿ ಉದುರುತ್ತದೆ. ಬಿಗುಮಾನ ಎಂದು ನೀವು ಅನ್ನಬಹುದು, ನಾನು ಇಲ್ಲವೆನ್ನುವುದಿಲ್ಲ.

ಆ ಬೆಟ್ಟದ ಸೋಲಿಗರು ನಮ್ಮನ್ನು ಕೊಕ್ಕೆಸುಂಡೆ ಎನ್ನುತ್ತಾರೆ. ಕೆಳಗಿನ ಇಳಿಜಾರಿನಲ್ಲಿ ನಮ್ಮಂತೆಯೇ ಕಾಣುವ ಇನ್ನೊಂದು ಗಿಡವಿದೆ, ಅದು ಬೋಳುಸುಂಡೆ. ಎಲೆ, ಎತ್ತರ, ಕಾಂಡದ ಮುಳ್ಳು ಹೆಚ್ಚು ಕಡಿಮೆ ನಮ್ಮವೇ. ಆದರೆ ಅದರ ಹಣ್ಣು ನುಣ್ಣಗೆ, ಕೆಂಪಗೆ. ತೊಟ್ಟಿನಲ್ಲಿ ಒಂದು ಮುಳ್ಳೂ ಇಲ್ಲ. ನಮ್ಮ ಹಣ್ಣು ಹಳದಿ, ಮೈತುಂಬ ರೋಮ, ತೊಟ್ಟೆಲ್ಲ ಮುಳ್ಳು. ಬೋಳುಸುಂಡೆ ಯಾವ ದಾರಿಬದಿಯಲ್ಲಾದರೂ ಸಿಗುತ್ತದೆ. ನಾವು ಗಾಳಿಕಲ್ಲಿನ ನೆತ್ತಿ ಬಿಟ್ಟರೆ ಎಲ್ಲೂ ಇರಲಿಲ್ಲ. ನನ್ನ ಕಷ್ಟವೆಲ್ಲ ಶುರುವಾದದ್ದು ಈ ವ್ಯತ್ಯಾಸದಿಂದಲೇ.

ನನಗೆ ಆರು ವರ್ಷವಾಗಿದ್ದಾಗ, ಮಳೆಗಾಲದ ಕೊನೆಯಲ್ಲಿ, ಮೂವರು ಬೆಟ್ಟ ಹತ್ತಿ ಬಂದರು. ಮುಂದೆ ದಾರಿ ತೋರಿಸುತ್ತ ಸೋಲಿಗರ ಕುಂಬೇಗೌಡ. ಹಿಂದೆ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ಸಸ್ಯಶಾಸ್ತ್ರದ ಪ್ರೊಫೆಸರ್ ತಿರುನಾರಾಯಣ. ಮರುವರ್ಷ ಅವರ ನಿವೃತ್ತಿ. ಕೊನೆಯಲ್ಲಿ ಅವರ ಶಿಷ್ಯೆ ಸರ್ವಮಂಗಳಾ, ಇಪ್ಪತ್ತೈದು ವರ್ಷದವಳು, ಬೆನ್ನ ಮೇಲೆ ಮರದ ಚೌಕಟ್ಟು, ಹಳೆಯ ಪೇಪರಿನ ಕಟ್ಟು.

ಪ್ರೊಫೆಸರ್ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. ಹೂವನ್ನು ತಿರುಗಿಸಿ ನೋಡಿದರು, ಎಲೆಯನ್ನು ಕೆನ್ನೆಗೆ ತಾಗಿಸಿ ನೋಡಿದರು. "ಇದು ಯಾವ ಪುಸ್ತಕದಲ್ಲೂ ಇಲ್ಲಮ್ಮಾ," ಎಂದರು. ಮಂಡಿನೋವು ಮರೆತು ಇನ್ನೂ ಹತ್ತಿರ ಸರಿದರು. ನನಗೂ ಒಂದು ಥರ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಖುಷಿಯಲ್ಲಿರುವಾಗಲೇ ಕತ್ತರಿ ಬಿತ್ತು. ನನ್ನ ಬೇರು, ಬುಡ, ಉಳಿದ ಕೊಂಬೆಗಳೆಲ್ಲ ಅಲ್ಲೇ ಉಳಿದವು. ನಾನು ಚೀಲ ಸೇರಿದೆ. ಸರ್ವಮಂಗಳಾ ನನ್ನ ಕುತ್ತಿಗೆಗೆ ಚೀಟಿ ಕಟ್ಟಿದಳು. ನನ್ನ ಸಂಖ್ಯೆ ಇನ್ನೂರ ಹದಿನಾಲ್ಕು.

ಕೊರತೆ ಒಂದೇ. ಹೊಸ ಗಿಡವೆಂದು ಲೋಕಕ್ಕೆ ಸಾರಬೇಕಾದರೆ ಹೂವಿನ ಜೊತೆಗೆ ಹಣ್ಣಿನ ವರ್ಣನೆಯೂ ಇದ್ದರೆ ಚೆನ್ನ. ನಮ್ಮ ಹಣ್ಣು ಮಾಗುವುದು ಸಂಕ್ರಾಂತಿಯ ಹೊತ್ತಿಗೆ. ಆಗ ಇನ್ನೊಮ್ಮೆ ಹತ್ತೋಣವೆಂದರೆ ಪ್ರೊಫೆಸರ್ ಮಂಡಿ ಕೇಳುವ ಹಾಗಿರಲಿಲ್ಲ. ಇಳಿಯುವಾಗ ಮಂಜು ಕವಿಯಿತು. ಅರ್ಧ ದಾರಿಯಲ್ಲಿ ಕೆಂಪು ಹಣ್ಣು ಬಿಟ್ಟ ಬೋಳುಸುಂಡೆಯೊಂದು ಸರ್ವಮಂಗಳೆಯ ಸೆರಗಿಗೆ ಸಿಕ್ಕಿಕೊಂಡಿತು. ಅವಳು ನಿಂತಳು. ಎಲೆ ಹಿಡಿದು ನೋಡಿದಳು. ಆರು ಹಣ್ಣು ಕಿತ್ತಳು.

"ಅದು ಬ್ಯಾರೆ ಕನವ್ವ," ಎಂದ ಕುಂಬೇಗೌಡ. "ಮ್ಯಾಲಿಂದು ಕೊಕ್ಕೆಸುಂಡೆ, ಇದು ಬೋಳುಸುಂಡೆ. ಎರಡ್ನೂ ಒಂದೇ ಚೀಲಕ ಹಾಕ್ಬ್ಯಾಡಿ."

"ಎಲೆ ಒಂದೇ ಥರ ಇದೆಯಲ್ಲ ಗೌಡ್ರೇ."

"ಎಲೆ ನೋಡ್ದ್ರ ಏನ್ ಬಂತು? ಮುಟ್ಟಿ ನೋಡಿ."

ಕೆಳಗಿನಿಂದ ಪ್ರೊಫೆಸರ್ ಕೂಗಿದರು, ಬಸ್ಸು ತಪ್ಪುತ್ತದೆಂದು. ಕಾಲೇಜಿಗೆ ಹೋಗಿ ಸರಿಯಾಗಿ ನೋಡಿದರಾಯಿತು ಎಂದುಕೊಂಡು ಅವಳು ಹಣ್ಣುಗಳನ್ನು ಕಾಗದದ ಚೀಲಕ್ಕೆ ಹಾಕಿ ಮೇಲೆ ಇನ್ನೂರ ಹದಿನಾಲ್ಕು ಎಂದು ಬರೆದಳು. ಒಂದು ಸಂಖ್ಯೆಗೆ ಒಂದೇ ಗಿಡ, ಇದು ಆ ಪ್ರೊಫೆಸರ್ ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದ ಮೊದಲ ಪಾಠ. ಅವರ ಅತ್ಯುತ್ತಮ ಶಿಷ್ಯೆ ಅದನ್ನು ಮಂಜಿನಲ್ಲಿ ಮರೆತಳು.

ಆಮೇಲಿನದು ನನ್ನ ಪಾಲಿನ ನರಕ. ಪೇಪರುಗಳ ನಡುವೆ ಇಟ್ಟು, ಚೌಕಟ್ಟಿಗೆ ಹಗ್ಗ ಬಿಗಿದು ಹದಿನೈದು ದಿನ ಹಿಂಡಿದರು. ನೇರಳೆ ಹೂವು ಮಾಸಲು ಕಂದಾಯಿತು. ಕಾಲೇಜಿನ ಒಣಗಿಡಗಳ ಕೋಣೆಯಲ್ಲಿ, ಅವರು ಹರ್ಬೇರಿಯಂ ಎನ್ನುವಲ್ಲಿ, ಅಟೆಂಡರ್ ಚಿಕ್ಕತಾಯಮ್ಮ ನನಗೆ ವಿಷದ ನೀರು ಕುಡಿಸಿ, ಗೋಂದು ಬಳಿದು, ಸೂಜಿ ದಾರದಿಂದ ಹಾಳೆಗೆ ಹೊಲಿದಳು. ನನ್ನ ಮುಳ್ಳು ಅವಳ ಹೆಬ್ಬೆರಳಿಗೆ ಮೂರು ಸಲ ಚುಚ್ಚಿತು. "ಸತ್ರೂ ಬುದ್ಧಿ ಬಿಡಲ್ವಲ್ಲೋ ನೀನು," ಎಂದು ಬೈದಳು. ಹಾಳೆಯ ಮೂಲೆಯಲ್ಲಿ ಆ ಆರು ಕೆಂಪು ಹಣ್ಣಿನ ಪೊಟ್ಟಣವನ್ನೂ ಅಂಟಿಸಿದಳು. ಅಂದಿನಿಂದ ಪರರ ಮಕ್ಕಳಿಗೆ ನಾನು ತಾಯಿ.

ಸರ್ವಮಂಗಳಾ ಒಂದು ದಿನ ಒಬ್ಬಳೇ ಬಂದು ಪೊಟ್ಟಣ ಬಿಚ್ಚಿದಳು. ಭೂತಗನ್ನಡಿ ಹಿಡಿದು ಹಣ್ಣಿನ ತೊಟ್ಟು ನೋಡಿದಳು. ಅಲ್ಲಿ ನಕ್ಷತ್ರರೋಮ ಇರಲಿಲ್ಲ. ನನ್ನ ತೊಟ್ಟು ನೋಡಿದಳು, ಇತ್ತು. ಅವಳ ಮುಖ ಬಿಳಿಚಿಕೊಂಡದ್ದನ್ನು ಕೆಳಗಿನಿಂದ ನೋಡಿದ್ದು ನಾನೊಂದೇ. ಅವಳು ಎದ್ದು ಪ್ರೊಫೆಸರ್ ಕೋಣೆಗೆ ಹೋದಳು. ಹೇಳಿ ಬರುತ್ತಾಳೆ ಎಂದುಕೊಂಡೆ.

ಅವಳು ಬಾಯಿ ಬಿಡುವ ಮೊದಲೇ ಅವರು ಮಾತು ಶುರು ಮಾಡಿದರಂತೆ. ಇದನ್ನು ಚಿಕ್ಕತಾಯಮ್ಮ ಮರುದಿನ ಯಾರಿಗೋ ಹೇಳುವಾಗ ಕೇಳಿಸಿಕೊಂಡೆ. "ಮೂವತ್ತೆರಡು ವರ್ಷ ಪಾಠ ಹೇಳಿದೀನಮ್ಮಾ, ಒಂದು ಹುಲ್ಲುಕಡ್ಡಿಗೂ ನನ್ನ ಹೆಸರಿಲ್ಲ," ಎಂದರಂತೆ. ಸಸ್ಯಶಾಸ್ತ್ರದ ಜನರಲ್ಲಿ ತನ್ನ ಹೆಸರನ್ನು ತಾನೇ ಗಿಡಕ್ಕೆ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ, ಬೇರೆಯವರು ಇಡಬೇಕು. ಅವರು ಕೇಳಲಿಲ್ಲ, ಕೇಳಿದ ಹಾಗೇ ಆಯಿತು. ಈ ಹುಡುಗಿಯ ಓದು ನಿಲ್ಲಿಸಿ ಮದುವೆ ಮಾಡಲು ಅವಳ ತಂದೆ ಹೊರಟಾಗ, ಗುಂಡ್ಲುಪೇಟೆಯ ಅವರ ಮನೆಗೆ ಬಸ್ಸಿನಲ್ಲಿ ಹೋಗಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ವಾದ ಮಾಡಿ ಅವಳನ್ನು ಬಿಡಿಸಿಕೊಂಡು ಬಂದವರು ಅವರು. ಸರ್ವಮಂಗಳಾ ಹೇಳಬೇಕಾದ ಮಾತನ್ನು ನುಂಗಿಕೊಂಡಳು. ಆಗಿನ ನಿಯಮದಂತೆ ಲ್ಯಾಟಿನ್ನಿನಲ್ಲಿ ವರ್ಣನೆ ಬರೆದಳು: ಹೂವು ನನ್ನದು, ಹಣ್ಣು ಬೋಳುಸುಂಡೆಯದು, ಹೆಸರು ತಿರುನಾರಾಯಣರದು. ಅಂಥ ಗಿಡ ಭೂಮಿಯ ಮೇಲೆ ಎಲ್ಲೂ ಇಲ್ಲ.

ಹೊಸ ಜಾತಿಯ ಮೂಲ ಮಾದರಿ ಎಂದು ನನ್ನನ್ನು ಕೆಂಪು ಅಂಚಿನ ಹೊದಿಕೆಯಲ್ಲಿಟ್ಟರು. ಸನ್ಮಾನ ನಡೆಯಿತು. ನನ್ನ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಪ್ರೊಫೆಸರಿಗೆ ಕೊಟ್ಟರು. ಆ ಚಿತ್ರದಲ್ಲೂ ಕೆಂಪು ಹಣ್ಣೇ.

ವರ್ಷಗಳು ನುಸಿಗುಳಿಗೆಯ ವಾಸನೆಯಲ್ಲಿ ಕಳೆದವು. ಸರ್ವಮಂಗಳಾ ಅದೇ ಕಾಲೇಜಿನಲ್ಲಿ ಪಾಠ ಹೇಳತೊಡಗಿದಳು, ಪ್ರೊಫೆಸರಾದಳು, ಕನ್ನಡಕ ಬಂತು, ತಲೆ ನರೆಯಿತು. ಪ್ರತಿ ಬೇಸಿಗೆಯಲ್ಲಿ ಬೀರು ಸ್ವಚ್ಛಮಾಡುವಾಗ ನನ್ನ ಹೊದಿಕೆ ತೆರೆಯುತ್ತಿದ್ದಳು. ಪೊಟ್ಟಣದ ಮೇಲೆ ಬೆರಳಿಡುತ್ತಿದ್ದಳು, ಮುಚ್ಚುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟಿತ್ತು. ಹೇಳಿಬಿಡು, ಹಾಳೆಯಲ್ಲಿ ತಪ್ಪು ತಿದ್ದಲು ಒಂದು ಚೀಟಿ ಸಾಕು ಎಂದು ಒಳಗೇ ಕೂಗಿಕೊಳ್ಳುತ್ತಿದ್ದೆ. ನಿಜಕ್ಕೂ ಅಷ್ಟೇ ಸಾಕು. ಹರ್ಬೇರಿಯಂನಲ್ಲಿ ಹಳೆಯ ಚೀಟಿ ಹರಿಯುವಂತಿಲ್ಲ, ಹೊಡೆದುಹಾಕುವಂತಿಲ್ಲ. ತಪ್ಪು ಕಂಡವರು ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ ಸಹಿ ಹಾಕಿ ಹೋಗುತ್ತಾರೆ. ಅವಳಿಗೆ ಮಾತ್ರ ಕೈ ಬರಲಿಲ್ಲ.

ಹೋದ ವರ್ಷ ಸರ್ಕಾರಿ ಕಚೇರಿಯಿಂದ ಒಂದು ಪತ್ರ ಬಂತು. ಅವಳು ಅದನ್ನು ನನ್ನ ಪಕ್ಕದಲ್ಲೇ ಬಿಚ್ಚಿ, ಎರಡು ಸಲ ಗಟ್ಟಿಯಾಗಿ ಓದಿದಳು. ಗಾಳಿಕಲ್ಲಿನ ನೆತ್ತಿಯನ್ನು ಸಮಮಾಡಿ ಪ್ರವಾಸಿಗರಿಗೆ ವೀಕ್ಷಣಾ ಗೋಪುರ ಕಟ್ಟುತ್ತಾರೆ. ಅಪರೂಪದ ಗಿಡಗಳ ಪಟ್ಟಿಯಲ್ಲಿ ಆ ಬೆಟ್ಟದ ಹೆಸರಿನೆದುರು ನನ್ನ ಹೆಸರಿದ್ದುದರಿಂದ ಸಮೀಕ್ಷೆ ಮಾಡಿಸಿದ್ದರು. ಪತ್ರದಲ್ಲಿ ಹೀಗಿತ್ತು: ನಿಮ್ಮ ವರ್ಣನೆಗೆ ಹೊಂದುವ ಕೆಂಪು, ನುಣುಪು ಹಣ್ಣಿನ ಗಿಡ ನೆತ್ತಿಯ ಮೇಲೆ ಸಿಗಲಿಲ್ಲ, ಕೆಳಗೆ ದಾರಿಯುದ್ದಕ್ಕೂ ಧಾರಾಳವಾಗಿದೆ. ನೆತ್ತಿಯಲ್ಲಿರುವುದು ಮುಳ್ಳುತೊಟ್ಟಿನ ಬೇರೊಂದು ಕಳೆ, ನಲವತ್ತೆರಡು ಗಿಡ. ಇಪ್ಪತ್ತೊಂದು ದಿನದೊಳಗೆ ನಿಮ್ಮ ಆಕ್ಷೇಪಣೆ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸಲಾಗುವುದು. ಆ ನಲವತ್ತೆರಡರಲ್ಲಿ ಒಂದು ನನ್ನ ಬುಡ. ಉಳಿದವು ನನ್ನ ಅಣ್ಣತಮ್ಮಂದಿರು, ಮಕ್ಕಳು.

ಅವಳು ಒಂದು ಸಾಲು ಬರೆದರೆ ನಾವು ಉಳಿಯುತ್ತಿದ್ದೆವು. ಅದು ಅವಳಿಗೂ ಗೊತ್ತಿತ್ತು. ಮೂರನೆಯ ದಿನ ನನ್ನನ್ನು ರಟ್ಟಿನ ನಡುವೆ ಕಟ್ಟಿ, ನಿಯಮ ಮೀರಿ ಕೋಣೆಯಿಂದ ಹೊರಗೆ ಒಯ್ದಳು. ಆಟೋದಲ್ಲಿ ಕುಲುಕುತ್ತ ಪ್ರೊಫೆಸರ್ ಮನೆಗೆ ಹೋದೆ. ಅವರಿಗೆ ಎಂಬತ್ತೆಂಟು. ಮಗಳ ಸಂಸಾರದ ಗದ್ದಲದ ನಡುವೆ ಕಿಟಕಿಯ ಪಕ್ಕ ಕೂತಿದ್ದರು. ಗೋಡೆಯ ಮೇಲೆ ನನ್ನ ಸುಳ್ಳು ಚಿತ್ರ.

"ಸರ್, ಈ ಹಣ್ಣು ಈ ಗಿಡದ್ದಲ್ಲ," ಎಂದಳು ಸರ್ವಮಂಗಳಾ. ಮೂವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು, ಎಷ್ಟು ಚಿಕ್ಕದು ನೋಡಿ.

ಅವರು ಭೂತಗನ್ನಡಿ ತರಿಸಿಕೊಂಡರು. ಬಹಳ ಹೊತ್ತು ನನ್ನ ತೊಟ್ಟು ನೋಡಿದರು, ಹಣ್ಣಿನ ತೊಟ್ಟು ನೋಡಿದರು. ಅವರ ಉಸಿರು ನನ್ನ ಎಲೆಯ ಮೇಲೆ ಬಿಸಿಯಾಗಿ ಬೀಳುತ್ತಿತ್ತು.

"ನಿನಗೆ ಯಾವಾಗ ಗೊತ್ತಾಯ್ತು?"

"ವರ್ಣನೆ ಬರೆಯೋ ಮೊದಲೇ, ಸರ್."

ಅವರು ಕನ್ನಡಿ ಕೆಳಗಿಟ್ಟರು. ಬೆಟ್ಟದ ವಿಷಯವನ್ನೂ ಪತ್ರದ ಗಡುವನ್ನೂ ಅವಳು ಹೇಳಿದಳು. "ಹೆಸರು ನಿಮ್ಮದೇ ಉಳಿಯುತ್ತೆ ಸರ್. ಹೆಸರು ಈ ಕೊಂಬೆಗೇ ನಿಲ್ಲುತ್ತೆ, ಹಣ್ಣನ್ನ ಮಾತ್ರ ಬಿಡ್ತಾರೆ. ತಪ್ಪು ನನ್ನದು ಅಂತ ಬರೀತೀನಿ."

"ಹೆಸರಲ್ಲಮ್ಮಾ," ಎಂದರು. "ಒಂದು ನಂಬರಿಗೆ ಒಂದೇ ಗಿಡ ಅಂತ ಊರಿಗೆಲ್ಲಾ ಹೇಳಿದವನು ನಾನು. ನನ್ನ ಹುಡುಗರೆಲ್ಲ ಓದ್ತಾರೆ. ನಗ್ತಾರೆ. ನಾನು ಇನ್ನೆಷ್ಟು ದಿನ ಇರ್ತೀನಿ? ನಾನಿರೋ ತನಕ ಬೇಡ."

ಅವಳು ಅವರ ಕಾಲಬಳಿ ಕೂತು ಅತ್ತಳು. ನನಗೂ ಅಳು ಬಂತು, ನೀರಿಲ್ಲದ ಮೈಗೆ ಅಳುವುದು ಹೇಗೆಂದು ತಿಳಿಯಲಿಲ್ಲ. ಆ ಮುದುಕರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನನ್ನ ಎಲೆಯನ್ನು ಕೆನ್ನೆಗೆ ಒತ್ತಿ ನೋಡಿದ ಮನುಷ್ಯ ಅವರೇ.

ಅವಳು ವಾಪಸು ಬಂದು ನನ್ನನ್ನು ಬೀರುವಿಗೆ ಸೇರಿಸಲಿಲ್ಲ, ಮೇಜಿನ ಮೇಲೆ ಬಿಟ್ಟಳು. ಪ್ರತಿದಿನ ಕಾಗದ ತೆಗೆಯುತ್ತಿದ್ದಳು, "ಮಾನ್ಯರೇ" ಎಂದು ಬರೆದು ನಿಲ್ಲಿಸುತ್ತಿದ್ದಳು. ಹತ್ತು ದಿನವಾಯಿತು, ಹದಿನೈದಾಯಿತು. ಇಪ್ಪತ್ತೊಂದನೆಯ ದಿನ ಸಂಜೆ ಕಚೇರಿಗಳು ಮುಚ್ಚುವ ಹೊತ್ತಿಗೆ ಅವಳು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಮೇಜಿನ ಮೇಲೆ ಹದಿನೆಂಟು "ಮಾನ್ಯರೇ"ಗಳಿದ್ದವು.

ಇಪ್ಪತ್ತನಾಲ್ಕನೆಯ ದಿನ ಫೋನ್ ಬಂತು. ಪ್ರೊಫೆಸರ್ ದನಿ ಎಷ್ಟು ಜೋರಾಗಿತ್ತೆಂದರೆ ನನಗೂ ಕೇಳಿಸಿತು. "ಬರೆದುಬಿಡಮ್ಮಾ. ನಿನ್ನನ್ನ ಸುಮ್ಮನಿರು ಅಂದದ್ದು ನನ್ನ ನೀಚತನ. ಬರೆದು, ಬೆಟ್ಟಕ್ಕೆ ಹೋಗಿ ನಿಜವಾದ ಹಣ್ಣು ತಗೊಂಡು ಬಾ. ಒಂದು ಸಲ ನೋಡಬೇಕು."

ಗಡುವು ಮುಗಿದದ್ದನ್ನು ಅವಳು ಹೇಳಲಿಲ್ಲ. ಆವತ್ತೇ ಪತ್ರ ಬರೆದು ಕಳುಹಿಸಿದಳು, ಆ ಕಚೇರಿಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಹಣ್ಣನ್ನೂ ಕೊಂಬೆಯನ್ನೂ ಜೋಡಿಸಿ ನೋಡಲೆಂದು ನನ್ನನ್ನೂ ಜೊತೆಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಹಣ್ಣು ಮಾಗುವ ಕಾಲ.

ಬೆಟ್ಟದ ಕೆಳಗಿನ ಪೋಡಿನಲ್ಲಿ, ಅಂದರೆ ಸೋಲಿಗರ ಹಟ್ಟಿಯಲ್ಲಿ, ಕುಂಬೇಗೌಡ ಇದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ಗುರುತು ಹಿಡಿದ. ಎಲ್ಲಿಗೆ ಎಂದು ಕೇಳಿದ, ಅವಳು ಹೇಳಿದಳು. ಅವನು ಕೋಲು ತೆಗೆದುಕೊಂಡು ಮುಂದೆ ನಡೆದ. ಮೇಲೆ ತಲುಪಿದಾಗ ಗಾಳಿ ಮಾತ್ರ ನನ್ನ ಕಾಲದ್ದು. ಕಾನಿನ ಅಂಚು, ಬಂಡೆ, ಹುಲ್ಲು ಒಂದೂ ಇರಲಿಲ್ಲ. ಕೆಂಪು ಮಣ್ಣು ಅಂಗಳದ ಹಾಗೆ ಸಮವಾಗಿತ್ತು.

"ಮಿಶಿನ್ ಬಂದು ಮೂರ್ ದಿನ ಆಯ್ತು ಕನವ್ವ," ಎಂದ ಕುಂಬೇಗೌಡ. "ಒಂದೇ ಹೊತ್ನಲ್ಲಿ ನುಣ್ಗ ಮಾಡ್ಬುಟ್ರು."

"ಒಂದೂ ಉಳೀಲಿಲ್ವಾ?"

"ಅತ್ಲಾಗಿನ ಸಂದಿಲೂ ನಾನೇ ತಡಕ್ದಿ. ಇಲ್ಲ."

ಅವಳು ಆ ಮಣ್ಣಿನ ಮೇಲೆ ಕೂತಳು. ನಾನು ಅವಳ ತೊಡೆಯ ಮೇಲಿದ್ದೆ. ನನ್ನ ಬೇರು ಇದ್ದ ಜಾಗ ಯಾವುದೆಂದು ನನಗೂ ಗೊತ್ತಾಗಲಿಲ್ಲ. ಅವಳು ಚೀಲದಿಂದ ಪುಸ್ತಕ, ಪೆನ್ನು ತೆಗೆದಳು.

"ಹಣ್ಣು ಹೇಗಿತ್ತು, ಹೇಳಿ ಗೌಡ್ರೇ."

"ಈಗ ಬರ್ಕಂಡ್ ಏನ್ ಮಾಡೀರಿ?"

"ಸುಳ್ಳು ಬರೆದಿದೀನಿ. ಅದರ ಪಕ್ಕದಲ್ಲಿ ಇದಾದ್ರೂ ಇರಲಿ."

ಕುಂಬೇಗೌಡ ಕಣ್ಣು ಮುಚ್ಚಿಕೊಂಡು, ಕೈಬೆರಳು ಮಡಚಿ, ಇಲ್ಲದ ಹಣ್ಣೊಂದನ್ನು ಹಿಡಿದವನಂತೆ ಹೇಳಿದ. ನೆಲ್ಲಿಕಾಯಿ ಗಾತ್ರ. ಕಾಯಾಗಿದ್ದಾಗ ತೊಟ್ಟಿನ ಮುಳ್ಳಿನೊಳಗೆ ಅಡಗಿರುತ್ತದೆ. ಹಣ್ಣಾದಾಗ ಅರಿಶಿನದ ಬಣ್ಣ, ಮೈಮೇಲೆ ಮೆತ್ತನೆಯ ರೋಮ. ಹಿಚುಕಿದರೆ ಎಳೆಸೌತೆಯ ವಾಸನೆ. ಪಿಕಳಾರ ತಿನ್ನುತ್ತದೆ, ಕರಡಿ ಮೂಸಿ ಬಿಡುತ್ತದೆ. ಅವಳು ಒಂದು ಮಾತೂ ಬಿಡದೆ ಬರೆದುಕೊಂಡಳು. ಎಲ್ಲವೂ ಸರಿಯಾಗಿತ್ತು.

ಈ ಸಸ್ಯಶಾಸ್ತ್ರದ ಜನರಲ್ಲಿ ಒಂದು ಪದ್ಧತಿಯಿದೆ. ತಾನು ಕಣ್ಣಾರೆ ಕಾಣದ್ದನ್ನು ಬರೆಯುವಾಗ ಪಕ್ಕದಲ್ಲಿ ಹಾಗೆಂದು ಒಪ್ಪಿಕೊಳ್ಳಬೇಕು. ಅವಳು ಚೀಟಿ ಬರೆದು, ಅಂಟಿಸುವ ಮೊದಲು ನನ್ನನ್ನೂ ಅದನ್ನೂ ಪ್ರೊಫೆಸರ್ ಮನೆಗೆ ತಂದಳು. "ಹಣ್ಣು ಎಲ್ಲಮ್ಮಾ?" ಎಂದು ಅವರು ಕೈಚಾಚಿದರು. ಅವಳು ಚೀಟಿಯನ್ನು ಕೈಗೆ ಕೊಟ್ಟಳು. ಅವರು ಭೂತಗನ್ನಡಿ ಹಿಡಿದು, ತುಟಿ ಅಲುಗಿಸುತ್ತ ಓದಿದರು.

"ಈ ಹಾಳೆಯ ಕೊಂಬೆ, ಹೂವು ಗಾಳಿಕಲ್ಲು ನೆತ್ತಿಯ ಗಿಡದವು. ಪೊಟ್ಟಣದ ಹಣ್ಣು ಬೇರೆ ಗಿಡದ್ದು, ಸೇರಿಸಿದವಳು ನಾನು. ನಿಜವಾದ ಹಣ್ಣು ನೆಲ್ಲಿಕಾಯಿ ಗಾತ್ರ, ಅರಿಶಿನ ಬಣ್ಣ, ರೋಮ ತುಂಬಿದ್ದು, ತೊಟ್ಟು ಮುಳ್ಳಿನದು. ಹೇಳಿದವರು ಕುಂಬೇಗೌಡ, ಅವರು ನೋಡಿದ್ದಾರೆ. ಗಿಡಗಳನ್ನು ಜನವರಿಯಲ್ಲಿ ಕಿತ್ತುಹಾಕಲಾಗಿದೆ. ಹಣ್ಣನ್ನು ನಾನು ನೋಡಿಲ್ಲ. ಸರ್ವಮಂಗಳಾ."

ಒಳಗೆ ಕುಕ್ಕರ್ ಕೂಗಿತು, ಮೊಮ್ಮಕ್ಕಳು ಯಾವುದಕ್ಕೋ ಜಗಳವಾಡುತ್ತಿದ್ದರು. ಎಷ್ಟು ದಿನ ತಡವಾಯಿತೆಂದು ಪ್ರೊಫೆಸರೇ ಬೆರಳು ಮಡಚಿ ಲೆಕ್ಕ ಹಾಕಿದರು, ಮೂರಕ್ಕೆ ನಿಲ್ಲಿಸಿದರು. ಆಮೇಲೆ ಪೆನ್ನು ಕೇಳಿದರು. ಅವಳು ಚೀಟಿಯ ಅಂಚು ಹಿಡಿದುಕೊಂಡಳು. ಅವಳ ಸಹಿಯ ಕೆಳಗೆ ಅವರು "ನಾನೂ ನೋಡಿಲ್ಲ" ಎಂದು ಬರೆದು ತಮ್ಮ ಹೆಸರು ಹಾಕಿದರು.

ಆ ಚೀಟಿ ಈಗ ನನ್ನ ಬಲಗಡೆ ಇದೆ. ನನ್ನ ಜಾತಿಯಲ್ಲಿ ಉಳಿದಿರುವುದು ನಾನೊಂದೇ ಕೊಂಬೆ, ಮೂರು ಒಣ ಹೂವು, ಏಳು ಎಲೆ. ನೋಡಬೇಕೆನ್ನುವವರು ಬರಬಹುದು, ಎರಡನೆಯ ಸಾಲಿನ ಬೀರುವಿನಲ್ಲಿ ಇರುತ್ತೇನೆ. ಹಣ್ಣು ಮಾತ್ರ ಕೇಳಬೇಡಿ.